ಅಣ್ಣನ ರಸಮಟ್ಟ

ನಮ್ಮಣ್ಣನನ್ನು ಮನೆಗೆ ಕರೆಯುವ ಮೊದಲು ನಿಮ್ಮ ಗೋಡೆಗಳು ನೆಟ್ಟಗಿವೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕಾಫಿ ತಣ್ಣಗಾಗುತ್ತದೆ, ಅವನು ಗೋಡೆಗೆ ಅಂಟಿಕೊಂಡಿರುತ್ತಾನೆ! ಹೆಬ್ಬೂರಿನಲ್ಲಿ ಅವನೂ ನಾನೂ ಗಾರೆ ಕೆಲಸದವರು. ಎಪ್ಪತ್ತೈದು ದಾಟಿದರೂ ಅವನ ಚೀಲದಲ್ಲಿ ಎರಡೇ ವಸ್ತು: ಒಂದು ಬೈಬಲ್ಲು, ಇನ್ನೊಂದು ರಸಮಟ್ಟ. ಅದೇ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡಿ ಗೋಡೆಯ ಗುಟ್ಟು ಹೇಳುತ್ತದಲ್ಲ, ಆ ಪಟ್ಟಿ.

ನನ್ನ ಮಗನಿಗೆ ಹೆಣ್ಣು ನೋಡಲು ಕುಣಿಗಲ್ಲಿಗೆ ಹೋದಾಗ ಎಲ್ಲರೂ ಹುಡುಗಿಯನ್ನು ನೋಡಿದರು. ಇವನು? ಹೊಸ್ತಿಲ ಮೇಲೆ ರಸಮಟ್ಟ ಇಟ್ಟು, "ಹೆಣ್ಣು ಒಪ್ಗೆ. ಹೊಸ್ಲು ಮಾತ್ರ ಒಸಿ ಎಡಕ್ಕೆ ಇಳ್ದದೆ" ಎಂದ. ಮದುವೆಯೇನೋ ಆಯಿತು. ಬೀಗರು ಚಪ್ಪರ ಹಾಕಿಸುವ ಮೊದಲು ಹೊಸ್ತಿಲು ಸರಿಮಾಡಿಸಿದ್ದರು!

ತನಗೇನು ಕೆಟ್ಟದ್ದಾದರೂ "ಮ್ಯಾಲಿರೋ ತಂದೆ ಮಟ್ಟ ಇಟ್ಟು ನೋಡ್ತಾವ್ನೆ" ಎಂದು ಹಿಗ್ಗುವುದು ಅವನ ಚಾಳಿ. ಗುಬ್ಬಿ ಬಸ್ಸು ತಪ್ಪಿತೋ, "ಬೆಳಿಗ್ಗೆ ನಿಮ್ಮತ್ಗೆ ಮೇಲೆ ರೇಗಿದ್ನಲ್ಲಾ, ಅದ್ಕೆ!" ತುಮಕೂರಿನಲ್ಲಿ ಹಲ್ಲು ಕೀಳಿಸಿಕೊಳ್ಳುವಾಗ ಸ್ತೋತ್ರ ಹಾಡತೊಡಗಿದ. ಡಾಕ್ಟರು ಹೆದರಿ ಇನ್ನೊಂದು ಇಂಜೆಕ್ಷನ್ ಕೊಟ್ಟರು.

ನಕ್ಕವರಲ್ಲಿ ನಾನೇ ಮೊದಲಿಗ. ಅವನದು ಮೂರನೇ ಕ್ಲಾಸು, ನಾನು ಎಸ್ಸೆಸ್ಸೆಲ್ಸಿ ಪಾಸಲ್ಲವೇ!

ಹೋದ ವರ್ಷ ನಮ್ಮ ಚರ್ಚಿನ ಕಾಂಪೌಂಡ್ ಗೋಡೆಯನ್ನು ಸೇವೆಯೆಂದು ನಾವಿಬ್ಬರೇ ಕಟ್ಟಿದೆವು. ಹಿಂದಿನ ಸಾಲು ಅವನದು, ಗೇಟಿನ ಪಕ್ಕದ್ದು ನನ್ನದು. ಅವನು ಮಟ್ಟ ಹಿಡಿದು ಬಂದಾಗ, "ಐವತ್ತು ವರ್ಷದ ಕೈ ಕಣಣ್ಣ ಇದು, ಹೋಗು" ಎಂದು ಅಟ್ಟಿದೆ. ತಿಂಗಳೊಳಗೆ ನನ್ನ ಸಾಲು ರಸ್ತೆಗೆ ವಾಲಿತು.

"ಇದು ಯಾರ ಕೆಲಸ?" ಎಂದು ಪಾಸ್ಟರ್ ಕೇಳಿದರು.

"ಅಣ್ಣಂದು ಅಯ್ಯನೋರೇ. ಪಾಪ, ಕಣ್ಣು ಮಂಜು" ಎಂದೆ.

ಅಣ್ಣ ಅಲ್ಲೇ ನಿಂತಿದ್ದ. ಒಮ್ಮೆ ನನ್ನನ್ನು ನೋಡಿದ, ಚೀಲ ಹೆಗಲಿಗೇರಿಸಿ ಮನೆಗೆ ನಡೆದ. ಇನ್ನು ಅವನಿಂದ ಕೆಲಸ ಮಾಡಿಸುವುದು ಬೇಡ ಎಂದು ಸಭೆಯವರು ತೀರ್ಮಾನಿಸಿದರು. ಅಂದಿನಿಂದ ಅವನ ಚೀಲದಲ್ಲಿ ಬೈಬಲ್ಲು ಒಂದೇ.

ವಾರ ಕಳೆಯುವುದರೊಳಗೆ ನಾನು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡೆ. ಆ ಬಚ್ಚಲಿಗೆ ನೆಲ ಹಾಕಿದ್ದು ಯಾರು? ಐವತ್ತು ವರ್ಷದ ಇದೇ ಕೈ! ನೋಡಲು ಬಂದ ಅಣ್ಣನ ಮುಂದೆ, "ದೇವ್ರು ನನ್ನ ಕೈಬಿಟ್ಟ ಕಣಣ್ಣ" ಎಂದು ಅತ್ತುಬಿಟ್ಟೆ.

"ಥೂ ಪೆದ್ದ! ಬಿದ್ದೋಗ್ಲಿ ಅಂತ ಬಿಟ್ಟಿರೋ ಗೋಡೆಗೆ ಯಾರ್ಲಾ ಮಟ್ಟ ಇಡ್ತಾರೆ? ಬೇಕು ಅನ್ನೋ ಗೋಡೆಗೇ ಕಣೋ ಇಡೋದು."

ಕಾಲು ಕೂಡಿದ ಮೊದಲ ಭಾನುವಾರ ಊರುಗೋಲು ಹಿಡಿದು ಸಭೆಯ ಮುಂದೆ ನಿಂತೆ. "ವಾಲಿರೋ ಗೋಡೆ ನಂದು. ಸುಳ್ಳೂ ನಂದೇ" ಎಂದೆ. ಇಷ್ಟು ಹೇಳುವಷ್ಟರಲ್ಲಿ ಅಂಗಿಯೆಲ್ಲ ಬೆವರು!

ಮಾರನೆಯ ದಿನ ಆ ಸಾಲನ್ನು ಬಿಚ್ಚಿ ಮತ್ತೆ ಕಟ್ಟಲು ಹೋದಾಗ ಅಣ್ಣ ನನಗಿಂತ ಮೊದಲೇ ಬಂದಿದ್ದ. ಚೀಲದಿಂದ ರಸಮಟ್ಟ ತೆಗೆದ. ಗೋಡೆಗೆ ಇಡಲಿಲ್ಲ, ನನ್ನ ಹೆಗಲ ಮೇಲಿಟ್ಟ. ಕನ್ನಡಕವಿಲ್ಲದ ಕಣ್ಣಲ್ಲೇ ಗುಳ್ಳೆಯನ್ನು ದಿಟ್ಟಿಸಿದ.

"ಇನ್ನೂ ಒಸಿ ವಾಲಿದೀಯ ಕಣ್ಲಾ."

"ಯಾವ ಕಡೆಗಣ್ಣ?"

"ನನ್ ಕಡೆಗೆ. ಇರ್ಲಿ ಬುಡು."