ಲಾಂಛನದ ಗಿಳಿ ಮತ್ತು ಹದಿನೆಂಟು ಹಣೆಗಳ ಬಣ್ಣದ ಕುರಿತು

ಗೃಹ ಇಲಾಖೆ (ಅಡುಗೆಮನೆ ವಿಭಾಗ)
ಬಾಲಾನಗರ, ಹೈದರಾಬಾದ್

ಸಂಖ್ಯೆ: ಗೃಇ/ಅವಿ/ಗಿಳಿ/18
ದಿನಾಂಕ: ಗುರುವಾರ, ಬೇಳೆ ಬೇಯಲು ಇಟ್ಟ ಮೇಲೆ

ವಿಷಯ: ಮಹಿಳಾ ಮಂಡಳಿಯ ಲಾಂಛನದಲ್ಲಿ ಬಣ್ಣ ಅದಲುಬದಲು ಮಾಡುವಾಗ ಮನೆಮಂದಿ ಪಾಲಿಸಬೇಕಾದ ಶಿಸ್ತು.

ಉಲ್ಲೇಖ: 1. ಮಂಡಳಿಯ ಅಧ್ಯಕ್ಷರೂ ಈ ಮನೆಯ ಅಜ್ಜಿಯೂ ಆದ ಶ್ರೀಮತಿ ಶಾರದಾಬಾಯಿಯವರ ಸೋಮವಾರ ಬೆಳಗಿನ ಮೌಖಿಕ ಆದೇಶ.
2. ಅದೇ ದಿನ ಸಂಜೆ ಅವರದೇ ಕೂಗಾಟ.

ಮಂಡಳಿಯ ಲಾಂಛನದಲ್ಲಿ ಹನ್ನೊಂದು ವರ್ಷಗಳಿಂದ ಗಿಳಿ ಕೆಂಪಗೂ ಅದರ ಕೊಕ್ಕು ಹಸಿರಾಗಿಯೂ ಇದ್ದು, ಮೊದಲು ಅಚ್ಚು ಹಾಕಿದವರ ತಪ್ಪನ್ನು ಎಲ್ಲರೂ ಸಂಪ್ರದಾಯವೆಂದೇ ಭಾವಿಸಿದ್ದರು. ಭಾನುವಾರದ ವಾರ್ಷಿಕೋತ್ಸವದ ಬ್ಯಾನರಿನಲ್ಲಾದರೂ ಗಿಳಿಗೆ ಗಿಳಿಯ ಬಣ್ಣ ಬರಲೆಂದು, ಒಂಬತ್ತನೇ ತರಗತಿಯ ಮೊಮ್ಮಗಳು ಕುಮಾರಿ ಲಹರಿಗೆ ಕೆಲಸ ವಹಿಸಲಾಯಿತು. ಆಕೆ ಫೋಟೊ ತಿದ್ದುವ ಸಾಫ್ಟ್‌ವೇರಿಗೆ ಕೆಂಪಿದ್ದಲ್ಲಿ ಹಸಿರು, ಹಸಿರಿದ್ದಲ್ಲಿ ಕೆಂಪು ಎಂದು ಆಜ್ಞೆ ಕೊಟ್ಟಳು. ಗಿಳಿಯ ಸುತ್ತ ಗೆರೆ ಎಳೆದು ಅದನ್ನಷ್ಟೇ ಆರಿಸುವುದು ಮರೆತಿತ್ತು. ಗಿಳಿ ಸರಿಹೋಯಿತು. ಬ್ಯಾನರಿನ ಫೋಟೊದಲ್ಲಿ ಅದರ ಕೆಳಗೆ ಸಾಲಾಗಿ ನಿಂತಿದ್ದ ಹದಿನೆಂಟು ಸದಸ್ಯೆಯರ ಕುಂಕುಮ ಹಸಿರಾಯಿತು, ಹಸಿರು ಬಳೆಗಳು ಕೆಂಪಾದವು. ಗಿಳಿಯ ಮೇಲೇ ಕಣ್ಣಿಟ್ಟಿದ್ದ ಮಗು ಹಣೆಗಳ ಕಡೆ ನೋಡದೆ ಚಿತ್ರವನ್ನು ಮಂಡಳಿಯ ವಾಟ್ಸಾಪ್ ಗುಂಪಿಗೆ ಕಳಿಸಿತು.

ತದನಂತರದ ಹೇಳಿಕೆಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

ಶಾರದಾಬಾಯಿ: “ಅಯ್ಯ ನನ್ನ ಶಿವನೇ! ಗಂಡ ಎದುರಿಗೇ ಗುಂಡಕಲ್ಲಿನಂಗ ಕುಂತಾರ, ಈ ಹುಡುಗಿ ನನ್ನ ಕುಂಕುಮಕ್ಕ ಪಾಚಿ ಹಿಡಿಸ್ಯಾಳಲ್ಲ! ಇಕಿ ಕೈಯಾಗ ಕೊಟ್ಟಿದ್ದ ನನ್ನ ತಪ್ಪು.”

ಅಜ್ಜ ಶ್ರೀ ಬಂಡೆಪ್ಪ: “ಭಾಳ ಛಲೋ ಆತು. ಇನ್ನ ನೀ ಚೌರಸ್ತಾದಾಗ ನಿಂತ್ರ ಸಾಕು, ಸಿಗ್ನಲ್ ಬಿಟ್ಟೈತಂತ ಗಾಡಿ ಎಲ್ಲಾ ಹೊಂಟಬಿಡ್ತಾವ.”

ಮನೆಯೆಲ್ಲ ನಕ್ಕಿತು. ಲಹರಿ ನಗಲಿಲ್ಲ. “ನಾ ಇನ್ನ ಮುಟ್ಟಂಗಿಲ್ಲ. ಕೋಠಿ ಬಜಾರದಾಗಿನ ಬ್ಯಾನರ್ ಅಂಗಡಿಯವರ ಕಡೆ ಮಾಡಸ್ರಿ” ಎಂದವಳು ಲ್ಯಾಪ್‌ಟಾಪನ್ನು ಕೌದಿಗಳ ಅಡಿ ಹೂತಿಟ್ಟು ಇಂದಿಗೆ ಮೂರು ದಿನ. ಬ್ಯಾನರನ್ನು ಯಾರಾದರೂ ಮಾಡಿಯಾರು. ಹೆದರಿ ಮುದುಡಿದ ಕೈಯನ್ನು ಮತ್ತೆ ಬಿಡಿಸುವ ಸಾಫ್ಟ್‌ವೇರ್ ಮಾತ್ರ ಇಲಾಖೆಯಲ್ಲಿ ಲಭ್ಯವಿಲ್ಲ. ಆದಕಾರಣ ಈ ಮೂಲಕ ಸಮಸ್ತರಿಗೂ ಸೂಚಿಸುವುದೇನೆಂದರೆ:

1. ಲಹರಿ ಕೆಲಸ ಮಾಡುವಾಗ ಆಕೆಯ ಹಿಂದೆ ನಿಂತು ಉಸಿರಾಡುವುದನ್ನು ನಿಷೇಧಿಸಲಾಗಿದೆ. ಉಸಿರಾಟ ಅನಿವಾರ್ಯವಾದವರು ಬಾಲ್ಕನಿಗೆ ತೆರಳತಕ್ಕದ್ದು.

2. ‘ಸಿಗ್ನಲ್’ ಎಂಬ ಪದವನ್ನು ಅಜ್ಜನವರು ಭಾನುವಾರದವರೆಗೆ ಬಳಸುವಂತಿಲ್ಲ. ರಸ್ತೆಯಲ್ಲಿ ತೀರಾ ಅಗತ್ಯ ಬಿದ್ದಲ್ಲಿ ‘ಆ ದೀಪ’ ಎನ್ನತಕ್ಕದ್ದು.

3. ಗೆರೆ ಗಿಳಿಯ ಬಾಲದ ತುದಿಯವರೆಗೆ ಮುಟ್ಟಿದೆಯೇ ಎಂದು ಲಹರಿ ಎರಡು ಬಾರಿ ನೋಡುವಳು. ಮೂರನೇ ಬಾರಿ ನೋಡಬಯಸುವ ಇತರರು ಮೊದಲು ಪಾತ್ರೆ ತೊಳೆದು ಬರತಕ್ಕದ್ದು.

4. ಮೂಲ ಚಿತ್ರ ಸುರಕ್ಷಿತವಾಗಿದ್ದು, ಯಾರ ಕುಂಕುಮಕ್ಕೂ ಅಪಾಯವಿಲ್ಲ. ಅನುಮಾನವುಳ್ಳ ಸದಸ್ಯೆಯರು ತಮ್ಮ ಗಂಡಂದಿರನ್ನು ಮುಟ್ಟಿ ನೋಡಿ ಖಾತ್ರಿಪಡಿಸಿಕೊಳ್ಳಬಹುದು. ಪರಿಶೀಲನೆಗೆಂದು ಅವರನ್ನು ಇಲ್ಲಿಗೆ ಕರೆತರಬಾರದು.

5. ‘ತಪ್ಪಾತು’ ಎಂದು ಹಿರಿಯರು ಬಾಯಿಬಿಟ್ಟು ಹೇಳುವ ಪದ್ಧತಿ ಈ ಮನೆಯಲ್ಲಿ ಜಾರಿಯಲ್ಲಿಲ್ಲದ ಕಾರಣ, ಬದಲಿಗೆ ಒಂದು ಶೇಂಗಾ ಹೋಳಿಗೆಯನ್ನು ಸ್ವಹಸ್ತದಿಂದ ಕೊಡತಕ್ಕದ್ದು. ಅರ್ಧ ತಾವು ತಿಂದು ಕೊಟ್ಟ ಹೋಳಿಗೆಯನ್ನು ಕ್ಷಮಾಪಣೆಯೆಂದು ಪರಿಗಣಿಸಲಾಗದು.

ತಿದ್ದುಪಡಿ (ಅದೇ ದಿನ ಸಂಜೆ, ಒಗ್ಗರಣೆ ಕೊಟ್ಟ ಮೇಲೆ):

ಅಧ್ಯಕ್ಷರು ಹೋಳಿಗೆಯ ಡಬ್ಬಿ ಮುಟ್ಟದೆ, ತಾವೇ ಒಂದೊಂದಾಗಿ ಕೌದಿಗಳನ್ನೆತ್ತಿ ಲ್ಯಾಪ್‌ಟಾಪನ್ನು ಹೊರತೆಗೆದು, ಮೊಮ್ಮಗಳ ಮುಂದಿಟ್ಟು, “ಬಾ ನನ್ನವ್ವ, ನನ್ನ ಹಣಿಗಿ ನೀನ ಕೆಂಪ ಹಚ್ಚು. ಆ ಕೋಠಿಯಾವಗ ನನ್ನ ಹಣಿ ಎಲ್ಲೈತಿ ಅಂತ ಏನ ಗೊತ್ತು?” ಎಂದಿರುತ್ತಾರೆ. “ಕೆಂಪ ಹೋಗೇ ಇಲ್ಲ ಆಯಿ, ಇಲ್ಲೇ ಐತಿ ನೋಡು” ಎಂದು ಲಹರಿ ಮೂಲ ಚಿತ್ರ ತೆರೆದು ತೋರಿಸಿ, ಮೂರು ದಿನಗಳಲ್ಲಿ ಮೊದಲ ಬಾರಿಗೆ ನಕ್ಕಿದ್ದನ್ನು ಇಲಾಖೆಯು ಬಾಗಿಲ ಸಂದಿಯಿಂದ ದೃಢಪಡಿಸಿಕೊಂಡಿದೆ. ಸದ್ಯ ಗಿಳಿಯ ಸುತ್ತ ಗೆರೆ ಎಳೆಯುವ ಕಾರ್ಯ ಪ್ರಗತಿಯಲ್ಲಿದೆ.

(ಸಹಿ)
ಸಕ್ಷಮ ಪ್ರಾಧಿಕಾರ
ಸೊಸೆ, ಹೆಂಡತಿ ಹಾಗೂ ತಾಯಿ (ಪೂರ್ಣ ಪ್ರಭಾರ)

ಪ್ರತಿಗಳು:
1. ಫ್ರಿಜ್ಜಿನ ಬಾಗಿಲು: ಸಾರ್ವಜನಿಕ ಪ್ರಕಟಣೆಗಾಗಿ.
2. ಶ್ರೀ ಬಂಡೆಪ್ಪ: ಓದಿ, ನಗದೆ, ಸಹಿ ಹಾಕಲು.
3. ಲಹರಿಯ ತಂದೆ ಶ್ರೀ ಶರಣಕುಮಾರ: ಶನಿವಾರ ಚಿತ್ರವನ್ನು ಅಚ್ಚಿಗೆ ಒಯ್ಯಲು, ಸಲಹೆಗಳನ್ನು ತಮ್ಮಲ್ಲೇ ಇಟ್ಟುಕೊಳ್ಳಲು.
4. ಮಹಿಳಾ ಮಂಡಳಿ: ಬ್ಯಾನರಿನ ಮೂಲೆಯಲ್ಲಿ ‘ವಿನ್ಯಾಸ: ಲಹರಿ’ ಎಂದಿರುತ್ತದೆ. ಅದರ ಬಣ್ಣ ಯಾವುದೆಂದು ಆಕೆಯೇ ತೀರ್ಮಾನಿಸುವಳು.