ಅಡೆಗೆ ಹಾಕಿದ ಕಂಪ್ಯೂಟರ್

ಕರೆಂಟ್ ಹೋದರೆ ಸಂತೋಷಪಡುವ ಮನುಷ್ಯ ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ಊರಿಗೆ ಊರೇ ಬೆವರು ಒರೆಸಿಕೊಂಡು ಲೈನ್‌ಮ್ಯಾನನ್ನು ಬೈಯುವ ಹೊತ್ತಿನಲ್ಲಿ ಇವರು ಹಾಲ್‌ನಲ್ಲಿ ಅತ್ತೆಯ ಮಂಚದ ಪಕ್ಕ ಕುರ್ಚಿಗೊರಗಿ, ಹಬ್ಬದೂಟ ಮುಗಿಸಿದವರ ಹಾಗೆ ಕಣ್ಣು ಮುಚ್ಚುತ್ತಾರೆ. ಕರೆಂಟ್ ಬಂತೋ, ಮುಖ ಮತ್ತೆ ಗಂಟು.

ಮಾವನಿಗೂ ಸದ್ದಿಗೂ ಎಣ್ಣೆ ಸೀಗೆಕಾಯಿ. ಕುಕ್ಕರ್ ಇನ್ನೇನು ಕೂಗಬೇಕು ಅನ್ನುವಷ್ಟರಲ್ಲಿ ಓಡಿಹೋಗಿ ಒಲೆ ಆರಿಸುತ್ತಾರೆ. ಹಾಗಾಗಿ ಆ ಮನೆಯಲ್ಲಿ ಬೇಳೆ ಪೂರ್ತಿ ಬೆಂದದ್ದನ್ನು ನಾನು ಕಂಡಿಲ್ಲ. ಗೋಡೆ ಗಡಿಯಾರದ ಸೆಲ್ ಕಿತ್ತು ಬೀರುವಿನಲ್ಲಿಟ್ಟಿದ್ದಾರೆ. ಯಾಕೆ ಗೊತ್ತೇ? ಅದು ಟಿಕ್ ಟಿಕ್ ಅನ್ನುತ್ತದಂತೆ! ಗಡಿಯಾರ ಇನ್ನೇನನ್ನಬೇಕು ಸ್ವಾಮಿ, ಮಂಗಳಾರತಿ ಹಾಡಬೇಕೆ? ಆ ಮನೆಯಲ್ಲಿ ಬೆಳಗ್ಗೆ ಹೋದರೂ ನಾಲ್ಕೂ ಹತ್ತು, ಸಂಜೆ ಹೋದರೂ ನಾಲ್ಕೂ ಹತ್ತು.

ಇಂಥ ಮನೆಗೆ ನಾನು ಕಂಪ್ಯೂಟರ್ ಹೊತ್ತುಕೊಂಡು ಹೋದೆ. ತಪ್ಪು ನನ್ನದಲ್ಲ, ಅವರೇ ಕರೆದದ್ದು. ಹೋದ ವರ್ಷ ಬೆಂಗಳೂರಿನಲ್ಲಿ ಅತ್ತೆಗೆ ಹೃದಯದ ಆಪರೇಷನ್ ಆಯಿತು. ಕೆಟ್ಟುಹೋದ ಕವಾಟ ತೆಗೆದು ಲೋಹದ್ದು ಕೂರಿಸಿದರು. ಆವತ್ತಿನಿಂದ ಮಾವ ಹಾಲಿನ ಡೇರಿಗೆ ಹೋದರೂ ಜೀವ ಮಾತ್ರ ಮನೆಯಲ್ಲೇ. “ಇನ್ನೊಬ್ರು ಇದ್ರೆ ಧೈರ್ಯ ಕಣಮ್ಮಾ. ನಿನ್ ಕೆಲಸ ಇಲ್ಲೇ ಕೂತ್ಕೊಂಡು ಮಾಡ್ಕೋ” ಅಂದರು. ನನ್ನದು ಲಗ್ನಪತ್ರಿಕೆ ಮಾಡಿಕೊಡುವ ಕೆಲಸ. ನಮ್ಮ ಕಡೆ ಅರ್ಧ ನೆಂಟರು ಗಡಿಯಾಚೆಯವರು, ಹಾಗಾಗಿ ಪತ್ರಿಕೆ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು. ಕಂಪ್ಯೂಟರ್ ಪುಟ್ಟದು, ಒಬ್ಬಟ್ಟಿನ ಡಬ್ಬಿಯಷ್ಟು. ಆದರೆ ಡಬ್ಬಿ ಚಿಕ್ಕದಾದರೆ ಒಳಗಿನ ಫ್ಯಾನೂ ಚಿಕ್ಕದು. ಫ್ಯಾನ್ ಚಿಕ್ಕದಾದಷ್ಟೂ ಅದು ತಿರುಗುವ ರಭಸ ಜಾಸ್ತಿ. ಮದುಮಕ್ಕಳ ಫೋಟೋ ನಾಲ್ಕು ತೆರೆದೆನೋ ಇಲ್ಲವೋ, ಗುಂಯ್ ಅಂತ ಶುರು!

ಮೊದಲ ದಿನವೇ ಮಾವ ಎದ್ದು ಬಂದರು.

“ಏನಮ್ಮಾ ಇದು, ಉಸಿರಾಡಕ್ಕೆ ಇಷ್ಟು ಒದ್ದಾಡ್ತಿದೆ?”

ಅವರು ಬೈರಕೂರಿನ ಕಡೆ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಳಗೆ ಹೋಗಿ ಹಳೇ ಸ್ಟೆತಾಸ್ಕೋಪ್ ತಂದು, ಕಿವಿಗೆ ಸಿಕ್ಕಿಸಿಕೊಂಡು, ಕಂಪ್ಯೂಟರಿನ ಎದೆ, ಬೆನ್ನು, ಪಕ್ಕೆ ಎಲ್ಲ ಪರೀಕ್ಷಿಸಿದರು. “ಹೊಟ್ಟೆ ಉಬ್ಬರ. ಒಳಗೆ ಗಾಳಿ ತುಂಬ್ಕೊಂಡಿದೆ.”

“ಮಾವ, ತುಂಬ್ಕೊಂಡಿಲ್ಲ. ಬಿಸಿಗಾಳೀನ ಆಚೆಗೆ ತಳ್ತಾ ಇದೆ.”

“ಉಬ್ಬರ ಅಂದ್ರೆ ಇನ್ನೇನು ಮತ್ತೆ?”

ಮಂಚದಿಂದ ಅತ್ತೆಯ ದನಿ ಬಂತು: “ಅಮ್ಮಾಯಿ, ಆ ಡಬ್ಬಿ ಮೊದ್ಲು ಒರೆಸು. ಆ ಸ್ಟೆತಾಸ್ಕೋಪು ಎಮ್ಮೆಗಿಟ್ಟಿದ್ದು!” ಅತ್ತೆ ತೆಲುಗು ಮಾತಿನ ಗೌನಿಪಲ್ಲಿಯವರು, ಅವರ ಬಾಯಲ್ಲಿ ನಾನು ಯಾವತ್ತೂ ಅಮ್ಮಾಯಿಯೇ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಮಾವ ಅದೇ ಸ್ಟೆತಾಸ್ಕೋಪನ್ನು ಅತ್ತೆಯ ಎದೆಗಿಡಲು ಹೋಗಿದ್ದರಂತೆ. ಅತ್ತೆ ಆವತ್ತು ಎಬ್ಬಿಸಿದ ಗಲಾಟೆಗೆ ಹೊಸ ಕವಾಟದ ಗಟ್ಟಿತನ ಪರೀಕ್ಷೆಯಾಗಿಹೋಯಿತು ಅಂತ ನಮ್ಮಮ್ಮ ಹೇಳುತ್ತಾಳೆ.

ರೋಗ ಗೊತ್ತಾದ ಮೇಲೆ ಚಿಕಿತ್ಸೆ. ಮರುದಿನ ನಾನು ತಿಂಡಿ ತಿಂದು ಬರುವಷ್ಟರಲ್ಲಿ ಡಬ್ಬಿಯ ಕಿಂಡಿಯೊಳಗೆ ಹರಳೆಣ್ಣೆ ಬಿಟ್ಟಿದ್ದರು. ಗೊತ್ತಿಲ್ಲದೆ ಆನ್ ಮಾಡಿದೆ. ಎದುರಿಗೆ ಹರಡಿದ್ದ ಪತ್ರಿಕೆಯ ಮೇಲೆ, ಗಂಡು ಹೆಣ್ಣಿನ ಫೋಟೋ ಮೇಲೆ, ಸಣ್ಣಗೆ ಎಣ್ಣೆ ತುಂತುರು!

“ಶುಭವೇ ಬಿಡಮ್ಮಾ. ಮದುವೆಗೆ ಮುಂಚೆ ಎಣ್ಣೆಶಾಸ್ತ್ರ ಆಗ್ಬೇಕಲ್ಲ!”

ನನಗೆ ನಗು ಬರಲಿಲ್ಲ. ಲಗ್ನದ ಕಾಲ, ಕೈಯಲ್ಲಿ ಒಪ್ಪಿಕೊಂಡ ಕೆಲಸ, ಅನ್ನ ಕೊಡುವುದು ಅದೊಂದೇ ಡಬ್ಬಿ. ಅದು ಸುಮ್ಮನಾದಾಗಲೆಲ್ಲ ಸತ್ತೇಹೋಯಿತೇನೋ ಅಂತ ಓಡಿಬಂದು ಅದಕ್ಕೆ ಕಿವಿಯಿಡುತ್ತಿದ್ದೆ. ಫ್ಯಾನ್ ಜೋರಾದರೆ ಮಾವನಿಗೆ ಗಾಬರಿ, ನಿಂತರೆ ನನಗೆ ಗಾಬರಿ. ಆ ಮನೆಯಲ್ಲಿ ಗಾಬರಿಯೇ ಇಲ್ಲದವರು ಎಂದರೆ ಆಪರೇಷನ್ ಆದ ಅತ್ತೆ ಒಬ್ಬರೇ!

ಅಷ್ಟರಲ್ಲಿ ಅತ್ತೆಯ ತವರಿನಿಂದ ಮಾವಿನಕಾಯಿ ಬಂತು. ಮಾವ ಮರದ ಪೆಟ್ಟಿಗೆಗಳಲ್ಲಿ ಒಣಹುಲ್ಲು ಹಾಸಿ, ಹಣ್ಣಾಗಲೆಂದು ಕಾಯಿ ಅಡೆಗೆ ಹಾಕಿದರು. ಒಂದು ಪೆಟ್ಟಿಗೆ ಉಳಿಯಿತು. ನಾನು ಕಂಪ್ಯೂಟರ್ ಆನ್ ಇದ್ದ ಹಾಗೇ ಬಿಟ್ಟು ಅಂಗಡಿಗೆ ಹೋಗಿ ಬಂದು ನೋಡುತ್ತೇನೆ, ಮೇಜಿನ ಮೇಲೆ ಅದಿಲ್ಲ! ಪೆಟ್ಟಿಗೆಯೊಳಗೆ, ವೈರಿನ ಸಮೇತ ಹುಲ್ಲಿನ ನಡುವೆ, ಮೇಲೊಂದು ಗೋಣಿಚೀಲ ಹೊದ್ದು ಬೆಚ್ಚಗೆ ಮಲಗಿದೆ.

“ಹುಲ್ಲು ಸದ್ದು ಕುಡಿಯುತ್ತೆ, ಕೇಳು” ಅಂದರು ಹೆಮ್ಮೆಯಿಂದ. ನಿಜ, ಸದ್ದಿರಲಿಲ್ಲ. ಯಾಕೆಂದರೆ ಕಂಪ್ಯೂಟರ್ ಕಾದು, ಉಸಿರು ಕಟ್ಟಿ, ತಾನಾಗಿ ಆಫ್ ಆಗಿತ್ತು! ಮುಟ್ಟಿದರೆ ಬೆರಳು ಸುಡುತ್ತಿತ್ತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಹುಲ್ಲಿಗೆ ಬೆಂಕಿ ಹತ್ತಿ ಮನೆಯೇ ಹೋಗುತ್ತಿತ್ತೋ ಏನೋ ಅಂತ ನಾನು ಹುಲ್ಲು ಕಿತ್ತೆಸೆಯುತ್ತಿದ್ದರೆ, ಅತ್ತೆ ಮಲಗಿದ್ದಲ್ಲಿಂದಲೇ ಕೇಳಿದರು: “ಹಣ್ಣಾಯ್ತಾ ಅಮ್ಮಾಯಿ? ಮೂಸಿ ನೋಡು.”

ಕಂಪ್ಯೂಟರನ್ನು ಕೋಲಾರದ ರಿಪೇರಿ ಅಂಗಡಿಗೆ ಒಯ್ದೆ. ಅವನು ಬಿಚ್ಚಿ, ಒಳಗಿದ್ದ ಹುಲ್ಲು, ಎಣ್ಣೆ ಮೆತ್ತಿದ ಧೂಳು ಎಲ್ಲ ತೆಗೆದು, “ಅಕ್ಕಾ, ಇದನ್ನ ಕೊಟ್ಟಿಗೇಲಿ ಇಟ್ಟಿದ್ರಾ?” ಅಂದ. ಹೊಸ ಫ್ಯಾನ್ ಹಾಕಿದ, ಬಿಸಿ ಎಳೆಯುವ ಪೇಸ್ಟ್ ಹಚ್ಚಿದ, ಸೆಟ್ಟಿಂಗ್‌ನಲ್ಲಿ ಫ್ಯಾನಿನ ವೇಗ ತಗ್ಗಿಸಿದ, ಅಡಿಗೆ ರಬ್ಬರ್ ಕಾಲು ಅಂಟಿಸಿದ. ಈಗ ಅದು ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಬೆನ್ನಿನ ಮೇಲೆ ಕೈಯಿಟ್ಟು ನೋಡಬೇಕು. ಗೆದ್ದ ಗತ್ತಿನಲ್ಲಿ ತಂದು ಮೇಜಿನ ಮೇಲಿಟ್ಟೆ.

ಮಾವ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತು, ತಲೆ ವಾರೆ ಮಾಡಿ ಆಲಿಸಿದರು. “ಇನ್ನೂ ಇದೆಯಮ್ಮಾ.”

ನನಗೆ ರೇಗಿಹೋಯಿತು. “ಇಷ್ಟು ಸದ್ದಿಂದ ಯಾರಿಗೇನಾಗುತ್ತೆ ಮಾವ?”

“ನಿಮ್ಮತ್ತೆಗೆ ಆಗಲ್ಲಮ್ಮಾ.”

“ರೀ, ನನ್ ಹೆಸ್ರು ಹೇಳ್ಬೇಡಿ!” ಅತ್ತೆ ಎದ್ದು ಕೂತರು. “ಪಕ್ಕದಲ್ಲಿ ಬೋರ್‌ವೆಲ್ ಕೊರೆದ್ರೂ ನಾನು ನಿದ್ದೆ ಮಾಡ್ತೀನಿ.”

“ಹಾಗಾದ್ರೆ ನಾಳೆಯಿಂದ ನಾನು ನಮ್ಮನೇಲೇ ಕೆಲಸ ಮಾಡ್ಕೋತೀನಿ” ಅಂದುಬಿಟ್ಟೆ. ಮಾವನ ಮುಖ ಸಪ್ಪಗಾಯಿತು. ಎದ್ದು ಹಿತ್ತಲಿಗೆ ಹೋದರು.

ಆವತ್ತೇ ಮಧ್ಯಾಹ್ನ. ಊಟವಾಗಿ ಅತ್ತೆ ಮಲಗಿದ್ದರು. ಸಂಜೆಯೊಳಗೆ ಪತ್ರಿಕೆ ಪ್ರೆಸ್ಸಿಗೆ ಹೋಗಲೇಬೇಕು ಅಂತ ಮದುವೆ ಗಂಡಿನ ಅಣ್ಣ ಬೆಳಗ್ಗೆಯಿಂದ ಫೋನಿನಲ್ಲಿ ಜೀವ ತಿಂದಿದ್ದ. ತೆಲುಗು ಮಗ್ಗುಲು ಇನ್ನೇನು ಮುಗಿಯಬೇಕು, ಪಟ್ ಅಂತ ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲವೇ ಅನ್ನುತ್ತೀರಾ? ಕೀಂ ಕೀಂ ಅನ್ನುತ್ತದೆಂದು ಅದು ಮೊದಲ ವಾರವೇ ಗಡಿಪಾರಾಗಿತ್ತು!

ಫ್ರಿಜ್ ನಿಂತಿತು. ಬೀದಿಯ ಕೊನೆಯ ಹಿಟ್ಟಿನ ಗಿರಣಿಯೂ ನಿಂತಿತು. ಮಾವ ಹಿತ್ತಲಿಂದ ಬಂದು ತಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಮುಖದಲ್ಲಿ ಅದೇ ಹಬ್ಬದೂಟದ ಕಳೆ. ಇನ್ನು ತಡೆಯಲಾರೆ ಅಂತ ಬಾಯಿ ತೆರೆದೆ. ಆಗ ಕೇಳಿಸಿತು.

ಟಿಕ್. ಟಿಕ್. ಟಿಕ್.

ಗೋಡೆ ನೋಡಿದೆ. ನಾಲ್ಕೂ ಹತ್ತು. ಸೆಲ್ ಇಲ್ಲದ ಗಡಿಯಾರ. ಸದ್ದು ಬರುತ್ತಿದ್ದದ್ದು ಮಂಚದಿಂದ, ನಿದ್ದೆಯಲ್ಲಿದ್ದ ಅತ್ತೆಯ ಎದೆಯಿಂದ.

“ಕೇಳಿಸ್ತಾ?” ಮಾವ ಕಣ್ಣು ತೆರೆಯದೆ ಮೆಲ್ಲಗೆ ಅಂದರು. “ಆ ಕವಾಟದ್ದು. ಸದ್ದು ಬರುತ್ತೆ, ಹೆದರ್ಕೋಬೇಡಿ ಅಂದಿದ್ರು ಡಾಕ್ಟ್ರು. ಸದ್ದಿಗ್ಯಾಕಮ್ಮಾ ಹೆದರ್ಲಿ? ಕೇಳಿಸ್ದೇ ಇದ್ರೇನೇ ನಂಗೆ ಭಯ. ಬೇರೆ ಏನೂ ಸದ್ದಿಲ್ದೇ ಇದ್ರೆ ಈ ಕುರ್ಚೀವರೆಗೂ ಬರುತ್ತೆ ನೋಡು.”

“ಅತ್ತೆಗೆ ಹೇಳ್ಬಾರ್ದಾ ಮಾವ?”

“ಬೇಡ. ನಾನು ಹೆದರಿದೀನಿ ಅಂತ ಗೊತ್ತಾದ್ರೆ ಅವ್ಳೂ ಹೆದರ್ತಾಳೆ.”

ಸ್ವಲ್ಪ ಹೊತ್ತಿಗೆ ಮಾವ ನಿದ್ದೆಹೋದರು, ಕೈ ಮಂಚದ ಅಂಚಿನ ಮೇಲೆ. ನಾನು ಕೂತು ಆ ಟಿಕ್ ಟಿಕ್ ಕೇಳುತ್ತಿದ್ದೆ.

ಕರೆಂಟ್ ಬಂತು. ಫ್ರಿಜ್ ಗುರ್ರ್ ಅಂದಿತು. ನಿದ್ದೆಯಲ್ಲೇ ಮಾವನ ಹುಬ್ಬು ಗಂಟಾಯಿತು. ತುದಿಗಾಲಲ್ಲಿ ನಡೆದುಹೋಗಿ ಫ್ರಿಜ್ ಆರಿಸಿದೆ. ಕಂಪ್ಯೂಟರಿನ ಗುಂಡಿ ಮುಟ್ಟಲಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ನಡುಗಿತು, ಗಂಡಿನ ಅಣ್ಣ. ಅಡುಗೆಮನೆಯ ಬಾಗಿಲು ಸದ್ದಾಗದಂತೆ ಮುಂದೆ ಮಾಡಿಕೊಂಡು ಪಿಸುಗುಟ್ಟಿದೆ:

“ಎಲ್ಲಿ ಅಣ್ಣಾ, ನಮ್ ಬೀದೀಲಿ ಇನ್ನೂ ಕರೆಂಟೇ ಬಂದಿಲ್ಲ.”