ಹಾಲು ನಿಲ್ಲಬಾರದು, ಯಾರಿಗೂ ಗೊತ್ತಾಗಬಾರದು

ಸೆರಗಿಗೆ ಪಿನ್ನು ಹಾಕದೆ ಹೊಸಿಲು ದಾಟದವಳನ್ನೇ ಇಂಥ ಫಜೀತಿಗಳು ಹುಡುಕಿಕೊಂಡು ಬರುತ್ತವೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಹೊಸನಗರದ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿ, ಮನೆ ಸಾಗರದಲ್ಲಿ. ನಲವತ್ತು ಸಮೀಪಿಸಿದಾಗ ಮಗ ಹುಟ್ಟಿದ. ಹಲ್ಲು ಬಂದದ್ದೇ ಕಚ್ಚತೊಡಗಿದ. ಎದೆ ಬಿಡಿಸಿ ಲೋಟಕ್ಕೆ ರೂಢಿ ಮಾಡಿದೆವು. ಆದರೆ ದನದ ಹಾಲು, ಡಬ್ಬಿ ಹಾಲು ಎರಡೂ ಅವನಿಗೆ ಒಗ್ಗವು, ಮೈಯೆಲ್ಲ ದದ್ದು ಏಳುತ್ತದೆ. ಎದೆಹಾಲನ್ನೇ ಪಂಪಿನಿಂದ ತೆಗೆದು ಕುಡಿಸುತ್ತಿರಿ, ತೆಗೆಯುವುದು ಬಿಟ್ಟರೆ ಹಾಲು ಇಂಗಿಹೋಗುತ್ತದೆ ಎಂದರು ಡಾಕ್ಟರು. ಈ ವಿಷಯ ನನಗೆ, ಮಗನನ್ನು ನೋಡಿಕೊಳ್ಳುವ ನನ್ನ ಅಮ್ಮನಿಗೆ ಮತ್ತು ನನ್ನ ಯಜಮಾನರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೊಲಿಗೆ

ಶಾಲೆಯ ಸ್ಟೋರ್ ರೂಮಿನಲ್ಲಿ ಚಿಲಕ ಹಾಕಿಕೊಂಡು ಪಂಪು ಹಚ್ಚುತ್ತಿದ್ದೆ. ಒಳಗೆ ಎಂತ ಗುರ್ ಗುರ್ ಶಬ್ದ ಎಂದು ಕನ್ನಡದ ಟೀಚರು ಕೇಳಿದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ: ವಾರ್ಷಿಕೋತ್ಸವಕ್ಕೆ ಮಕ್ಕಳ ಬಟ್ಟೆ ಹೊಲಿಯುತ್ತಿದ್ದೇನೆ. ಮರುದಿನ ಬಾಗಿಲ ಹೊರಗೆ ಮೂವರು ಟೀಚರುಗಳ ರವಿಕೆ ಬಟ್ಟೆ, ಅಳತೆಯ ರವಿಕೆ ಸಮೇತ. ಗುಟ್ಟಾಗಿ ಪೇಟೆಯ ದರ್ಜಿಗೆ ಕೊಟ್ಟು ಹೊಲಿಸಿ ತಂದುಕೊಟ್ಟೆ. ಮೇಡಮ್ಮರ ಕೈ ಬಹಳ ಚೆನ್ನಾಗಿದೆ ಎಂದು ಹೊಗಳಿ, ಇನ್ನೂ ಐದು ತಂದಿಟ್ಟರು.

ಶಿಸ್ತು

ಬೆಳಗಿನ ಪ್ರಾರ್ಥನೆಯಲ್ಲಿ ಸಮವಸ್ತ್ರದ ಶುಚಿತ್ವದ ಬಗ್ಗೆ ಮಾತಾಡುತ್ತಿದ್ದೆ. ಒಂದನೇ ಕ್ಲಾಸಿನ ಮಗುವೊಂದು ಅಮ್ಮಾ ಎಂದು ಅತ್ತಿತು. ಎಳೆಮಕ್ಕಳ ಅಳು ಕೇಳಿದರೆ ಹಾಲು ತಾನಾಗಿ ಸುರಿಯುತ್ತದೆಂದು ನನಗೇನು ಗೊತ್ತು? ಪಕ್ಕದಲ್ಲಿದ್ದ ಅಟ್ಲಾಸು ಎತ್ತಿ ಎದೆಗೆ ಅವಚಿಕೊಂಡು ಉಳಿದ ಭಾಷಣ ಮುಗಿಸಿದೆ. ಮರುದಿನದಿಂದ ಶಾಲೆಯ ನಾಯಕಿಯರೆಲ್ಲ ಮಾತಿಗೆ ನಿಂತರೆ ಅಟ್ಲಾಸು ಅವಚಿಕೊಂಡೇ ನಿಲ್ಲುತ್ತಾರೆ.

ಮಲ್ಲಿಗೆ

ಮೊಮ್ಮಗನಿಗೆ ಎದೆ ಬಿಡಿಸಿದ್ದು ಕೇಳಿ ತೀರ್ಥಹಳ್ಳಿಯಿಂದ ಅತ್ತೆ ಬಂದರು. ಬರುವಾಗಲೇ ಸಾಗರದ ಪೇಟೆಯಲ್ಲಿ ಮೂರು ಮೊಳ ಮಲ್ಲಿಗೆ ಕೊಂಡಿದ್ದರು. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಮದ್ದು. ಬತ್ತುವುದು ಬೇಡ ಎಂದರೆ ಪಂಪಿನ ಕಥೆಯೆಲ್ಲ ಹೇಳಬೇಕು. ಹೂ ತೆಗೆದುಕೊಂಡು ಕೋಣೆಗೆ ಹೋಗಿ ಅಷ್ಟನ್ನೂ ಜಡೆಗೆ ಮುಡಿದೆ. ವಿಜ್ಞಾನ ಓದಿದವಳು, ಹೂವಿಗೆಲ್ಲ ಹೆದರುವವಳಲ್ಲ. ಆದರೂ ಜಡೆ ಮುಂದಕ್ಕೆ ಬೀಳದಂತೆ ದಿನವಿಡೀ ನೋಡಿಕೊಂಡೆ.

ಮರುದಿನ ನನ್ನ ರವಿಕೆ ಒದ್ದೆಯಾದದ್ದು ಅತ್ತೆಯ ಕಣ್ಣಿಗೆ ಬಿತ್ತು. ಹೂವೇ ಸರಿಯಿಲ್ಲ, ಆ ಹೂವಿನವಳನ್ನು ಕೇಳಿಯೇ ಬರುತ್ತೇನೆಂದು ಪೇಟೆಗೆ ಹೊರಟರು. ನಾನು ಹಿಂದೆ ಓಡಿದೆ. ಮುಟ್ಟುವಷ್ಟರಲ್ಲಿ ಹೂವಿನಂಗಡಿಯ ಮುಂದೆ ಜನ ಸೇರಿದ್ದರು, ಅವರಲ್ಲಿ ಹೊಸನಗರದಿಂದ ಪೇಟೆಗೆ ಬಂದಿದ್ದ ನಮ್ಮ ಶಾಲೆಯ ಮಕ್ಕಳ ತಂದೆತಾಯಿಯರೂ ಇಬ್ಬರು.

"ಎಂಥಾ ಹೂ ಕೊಟ್ಟೆ ಮಾರಾಯ್ತಿ? ನನ್ನ ಸೊಸೆಗೆ ಹಾಲು ನಿಲ್ಲಲೇ ಇಲ್ಲ," ಎನ್ನುತ್ತಿದ್ದರು ಅತ್ತೆ.

ಹೂವಿನಾಕೆ ನನ್ನತ್ತ ತಿರುಗಿದಳು. "ಎಲ್ಲಿಗೆ ಕಟ್ಟಿದ್ರಿ ಅಕ್ಕ?"

ಸುಳ್ಳು ಹೇಳಲು ನೋಡಿದೆ, ಒಂದೂ ಹೊಳೆಯಲಿಲ್ಲ. "ಜಡೆಗೆ."

ಅತ್ತೆ ಹಣೆ ಚಚ್ಚಿಕೊಂಡರು. "ಇಷ್ಟೆಲ್ಲ ಓದಿದೀಯ, ಎಲ್ಲಿಗೆ ಕಟ್ಟಬೇಕು ಅಂತ ಗೊತ್ತಿಲ್ವನೇ?" ಎಂದವರೇ ಇನ್ನೂ ನಾಲ್ಕು ಮೊಳ ಅಳೆಯಲು ಹೇಳಿದರು. ಮನೆಗೆ ಹೋಗಿ ತಾವೇ ಕೈಯಾರೆ ಕಟ್ಟುತ್ತಾರಂತೆ.

ಇನ್ನು ಉಳಿದ ದಾರಿ ಒಂದೇ. ಹಾಲು ನಿಲ್ಲಬಾರದು, ಮಗನಿಗೆ ಬೇರೆ ಹಾಲು ಆಗುವುದಿಲ್ಲ, ದಿನಾ ಪಂಪಿನಲ್ಲಿ ತೆಗೆದು ಲೋಟದಲ್ಲಿ ಕುಡಿಸುತ್ತಿದ್ದೇವೆ ಎಂದು ಪೇಟೆಯ ಮಧ್ಯೆ ನಿಂತು ಒಂದೇ ಉಸಿರಿಗೆ ಒದರಿಬಿಟ್ಟೆ. ಪಕ್ಕದ ತರಕಾರಿ ಅಂಗಡಿಯವನು ತೂಗುವುದನ್ನೂ ನಿಲ್ಲಿಸಿದ.

ಅತ್ತೆ ಹೂವನ್ನು ಬುಟ್ಟಿಗೆ ವಾಪಸ್ಸು ಹಾಕಿದರು. "ಮನೇಲೇ ಹೇಳೋಕೆ ಎಂತಾಗಿತ್ತು ನಿಂಗೆ?"

"ನಾಚಿಕೆ ಆಯ್ತು ಅತ್ತೆ."

ಅತ್ತೆ ಸುತ್ತ ನಿಂತ ಜನರನ್ನು ಒಬ್ಬೊಬ್ಬರಾಗಿ ನೋಡಿ, ನನ್ನನ್ನು ನೋಡಿದರು.

"ಇಲ್ಲಿ ಆಗ್ಲಿಲ್ವಾ?"